ಮೂಳೆಯಲ್ಲಿ ಅವಿತು ಕೂರುವ ಸೀಸ: ಮದ್ದಿಗೂ ಮೊದಲು ಮೂಲ ಹುಡುಕಿ

ಆರು ವರ್ಷದ ಆ ಹುಡುಗನನ್ನು ಅವನ ತಾಯಿ ನನ್ನಲ್ಲಿಗೆ ಕರೆತಂದದ್ದು ಹೊಟ್ಟೆನೋವಿಗೆಂದು. ಒಂದು ವರ್ಷದಿಂದ ಅವನು ಆಗಾಗ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದನಂತೆ. ಊಟ ಸೇರದು, ಎರಡು ಮೂರು ದಿನಕ್ಕೊಮ್ಮೆ ಮಲವಿಸರ್ಜನೆ, ಮುಖವೆಲ್ಲ ಬಿಳಿಚಿಕೊಂಡಿತ್ತು. ಜಂತುಹುಳುವಿನ ಔಷಧಿ ಎರಡು ಸಲ ಕುಡಿಸಿಯಾಗಿತ್ತು. ಕಬ್ಬಿಣಾಂಶದ ಟಾನಿಕ್ ಮೂರು ಬಾಟಲಿ ಮುಗಿದಿತ್ತು. ಮನೆಯ ಹಿರಿಯರು ದೃಷ್ಟಿ ತೆಗೆದದ್ದೂ ಆಗಿತ್ತು. ಯಾವುದರಿಂದಲೂ ಗುಣ ಕಾಣಲಿಲ್ಲ.

"ಮೊದಲು ಎಷ್ಟು ಚುರುಕಾಗಿದ್ದ ಡಾಕ್ಟ್ರೇ. ಈಗ ಒಂದು ಕಡೆ ಕೂರೋಲ್ಲ, ಹೇಳಿದ್ದು ತಲೆಗೆ ಹೋಗೋಲ್ಲ ಅಂತ ಮೇಷ್ಟ್ರು ದೂರು ಹೇಳ್ತಾರೆ" ಎಂದು ಆಕೆ ಕಣ್ಣು ಒರೆಸಿಕೊಂಡರು.

ಹಿಮೋಗ್ಲೋಬಿನ್ ಕಡಿಮೆಯಿತ್ತು. ಅಷ್ಟೊಂದು ಟಾನಿಕ್ ಕುಡಿದರೂ ರಕ್ತ ಏರದಿದ್ದದ್ದು ನನಗೆ ಅನುಮಾನ ತಂದಿತು. ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಆಮೇಲೆ ಕೇಳಿದೆ: "ನಿಮ್ಮ ಯಜಮಾನರು ಏನು ಕೆಲಸ ಮಾಡುತ್ತಾರೆ?"

"ಬ್ಯಾಟರಿ ರಿಪೇರಿ. ಮನೆ ಹಿಂದೆಯೇ ಶೆಡ್ ಇದೆ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸ್ತಾರೆ. ಇವನೂ ಅಲ್ಲೇ ಆಡ್ತಿರ್ತಾನೆ."

ರಕ್ತ ಪರೀಕ್ಷೆಯ ವರದಿ ಬಂದಾಗ ಹುಡುಗನ ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 58 ಮೈಕ್ರೋಗ್ರಾಂ ಸೀಸವಿತ್ತು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಅವನ ಮೈಯಲ್ಲಿ ಹರಿಯುತ್ತಿದ್ದ ರಕ್ತದಲ್ಲೆಲ್ಲ ಸೇರಿದರೂ ಸೀಸ ಒಂದು ಸಾಸಿವೆ ಕಾಳಿನಷ್ಟು ತೂಗುತ್ತಿರಲಿಲ್ಲ. ಮಗುವಿನ ಬಾಳನ್ನು ಏರುಪೇರು ಮಾಡಲು ಅಷ್ಟೇ ಸಾಕಾಗಿತ್ತು.

ಹಳೆಯ ಲೋಹ, ಹಳೆಯ ವಿಷ

ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂಗಳನ್ನು ವಿಷಕಾರಿ ಭಾರಲೋಹಗಳ ಗುಂಪಿಗೆ ಸೇರಿಸುತ್ತಾರೆ. ಕಬ್ಬಿಣ, ಸತು, ತಾಮ್ರಗಳು ಅಲ್ಪ ಪ್ರಮಾಣದಲ್ಲಿ ದೇಹಕ್ಕೆ ಬೇಕು. ಸೀಸದಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಇಷ್ಟರವರೆಗೆ ಇದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಆದರೂ ಮನುಷ್ಯನಿಗೆ ಸೀಸದ ಮೇಲೆ ಬಹಳ ಪ್ರೀತಿ. ಸುಲಭವಾಗಿ ಕರಗುತ್ತದೆ, ಬೇಕಾದಂತೆ ಬಗ್ಗುತ್ತದೆ, ತುಕ್ಕು ಹಿಡಿಯದು. ನಲ್ಲಿಯ ಕೊಳವೆ, ಬಣ್ಣ, ಬೆಸುಗೆ, ಮೀನುಬಲೆಯ ಗುಂಡು, ಬ್ಯಾಟರಿ, ಹೀಗೆ ಅದು ಹೋಗದ ಜಾಗವಿಲ್ಲ. ಪತ್ರಿಕೆಗಳೂ ಒಂದು ಕಾಲದಲ್ಲಿ ಸೀಸದ ಅಚ್ಚುಮೊಳೆಗಳಿಂದಲೇ ಮುದ್ರಣವಾಗುತ್ತಿದ್ದವು. ಮೊಳೆ ಜೋಡಿಸುವವರಿಗೆ ಬರುತ್ತಿದ್ದ ಹೊಟ್ಟೆಶೂಲೆ ವೈದ್ಯರಿಗೆ ಪರಿಚಿತವಾಗಿತ್ತು.

1920ರ ದಶಕದಲ್ಲಿ ಅಮೆರಿಕದಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಲು ಆರಂಭಿಸಿದ ಮೇಲೆ ವಿಷ ರಸ್ತೆಗೆ ಇಳಿಯಿತು. ಮುಂದೆ ಪ್ರಪಂಚದ ಪ್ರತಿ ನಗರದ ಗಾಳಿಯಲ್ಲೂ ಸೀಸ ಸೇರಿತು. ನಮ್ಮ ದೇಶದಲ್ಲಿ 1995ರಲ್ಲಿ ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು. 2000ನೇ ಇಸವಿ ಫೆಬ್ರವರಿಯಿಂದ ಇಡೀ ದೇಶಕ್ಕೆ ಅದು ವಿಸ್ತರಿಸಿತು. ಪ್ರಪಂಚದಲ್ಲಿ ಕಡೆಯದಾಗಿ ಇದನ್ನು ನಿಲ್ಲಿಸಿದ ದೇಶ ಆಲ್ಜೀರಿಯಾ, 2021ರಲ್ಲಿ.

ಈ ಬದಲಾವಣೆಯಲ್ಲಿ ಬೆಂಗಳೂರಿಗೂ ಪಾಲಿದೆ. 1997ರಿಂದ 1999ರವರೆಗೆ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿದಂತೆ ದೇಶದ ಏಳು ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂಗಿಂತ ಮೇಲಿತ್ತು. 1999ರಲ್ಲಿ ಈ ವಿಷಯವಾಗಿ ಅಂತಾರಾಷ್ಟ್ರೀಯ ಸಮ್ಮೇಳನವೊಂದು ಬೆಂಗಳೂರಿನಲ್ಲೇ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ತಿಳಿವಳಿಕೆ ಮೂಡಿಸಲು ಹಲವು ವರ್ಷ ದುಡಿದರು.

ಪೆಟ್ರೋಲಿನ ಸೀಸ ಹೋಯಿತು, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವಂತಿಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿಯ ಅಂದಾಜಿನಂತೆ ಪ್ರಪಂಚದ ಪ್ರತಿ ಮೂರು ಮಕ್ಕಳಲ್ಲಿ ಒಂದು ಮಗುವಿನ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಅಂಥ ಸುಮಾರು 80 ಕೋಟಿ ಮಕ್ಕಳಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ನಮ್ಮ ದೇಶದವರು.

ಕ್ಯಾಲ್ಸಿಯಂ ವೇಷದ ಕಳ್ಳ

ಸೀಸ ದೇಹದೊಳಗೆ ಸೇರುವುದು ಬಾಯಿ ಮತ್ತು ಮೂಗಿನ ಮೂಲಕ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಸುಮಾರು ಹತ್ತನೇ ಒಂದು ಭಾಗವನ್ನು ಹೀರಿಕೊಂಡರೆ, ಚಿಕ್ಕ ಮಕ್ಕಳ ಕರುಳು ಅರ್ಧದವರೆಗೂ ಹೀರಿಕೊಳ್ಳಬಲ್ಲದು. ಹೊಟ್ಟೆ ಖಾಲಿಯಿದ್ದರೆ, ಆಹಾರದಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಲದಿದ್ದರೆ ಇನ್ನೂ ಹೆಚ್ಚು. ಬಡವರ ಮನೆಯ ಮಗುವಿಗೆ ಹೀಗೆ ಎರಡು ಕಡೆಯಿಂದ ಪೆಟ್ಟು.

ನಮ್ಮ ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ತಪ್ಪು ತಿಳಿಯುತ್ತದೆ. ಕ್ಯಾಲ್ಸಿಯಂ ಹೋಗುವ ಬಾಗಿಲುಗಳಿಂದಲೇ ಅದು ನರಕೋಶಗಳನ್ನು ಪ್ರವೇಶಿಸುತ್ತದೆ. ಬೆಳೆಯುತ್ತಿರುವ ಮಿದುಳಿನಲ್ಲಿ ನರಕ್ಕೆ ನರ ಜೋಡಣೆಯಾಗುವ ಹೊತ್ತಿನಲ್ಲಿ ಒಳಹೊಕ್ಕು ಆ ಜೋಡಣೆಯನ್ನೇ ಕೆಡಿಸುತ್ತದೆ. ಇತ್ತ ರಕ್ತದಲ್ಲಿ, ಹಿಮೋಗ್ಲೋಬಿನ್ ತಯಾರಿಸುವ ಕಿಣ್ವಗಳನ್ನು ತಡೆಯುತ್ತದೆ. ಕಬ್ಬಿಣಾಂಶ ಎಷ್ಟು ಕೊಟ್ಟರೂ ಆ ಹುಡುಗನಿಗೆ ರಕ್ತ ಏರದಿದ್ದುದಕ್ಕೆ ಇದೇ ಕಾರಣ. ಸಾಮಗ್ರಿಯೆಲ್ಲ ಇದ್ದರೂ ಅಡುಗೆಯವನ ಕೈ ಕಟ್ಟಿಹಾಕಿದಂತೆ.

ದೊಡ್ಡವರಲ್ಲಿ ಲಕ್ಷಣಗಳು ಬೇರೆ ರೀತಿ. ಹೊಟ್ಟೆಶೂಲೆ, ಮಲಬದ್ಧತೆ, ಕೀಲುನೋವು, ಆಯಾಸ, ಮರೆವು, ಸಿಡುಕು. ಬಹಳ ಹೆಚ್ಚಾದರೆ ಮಣಿಕಟ್ಟು ಎತ್ತಲಾಗದೆ ಕೈ ಜೋತುಬೀಳುತ್ತದೆ. ಕೆಲವರ ವಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆಯೊಂದು ಮೂಡುತ್ತದೆ. ಇದನ್ನು 1840ರಲ್ಲಿ ಹೆನ್ರಿ ಬರ್ಟನ್ ಎಂಬ ಇಂಗ್ಲಿಷ್ ವೈದ್ಯರು ವಿವರಿಸಿದರು. ಗೆರೆ ಇಲ್ಲವೆಂದ ಮಾತ್ರಕ್ಕೆ ಸೀಸವಿಲ್ಲ ಎನ್ನಲಾಗದು. ಹೆಚ್ಚಿನವರಲ್ಲಿ ಇಂಥ ಯಾವ ಗುರುತೂ ಕಾಣದೆಯೇ ಒಳಗೊಳಗೇ ಹಾನಿ ಸಾಗಿರುತ್ತದೆ.

ಮೂಳೆಯೆಂಬ ಠೇವಣಿ ಖಾತೆ

ರಕ್ತಕ್ಕೆ ಸೇರಿದ ಸೀಸದ ಪ್ರಮಾಣ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೇಳಲು ಸಮಾಧಾನ. ಆದರೆ ಇಳಿದದ್ದೆಲ್ಲ ಮೂತ್ರದಲ್ಲಿ ಹೋಗಿಬಿಡುವುದಿಲ್ಲ. ಬಹುಪಾಲು ಮೂಳೆ, ಹಲ್ಲುಗಳಿಗೆ ಹೋಗಿ ಕೂರುತ್ತದೆ. ದೊಡ್ಡವರ ದೇಹದ ಒಟ್ಟು ಸೀಸದಲ್ಲಿ ಶೇಕಡಾ 90ಕ್ಕೂ ಹೆಚ್ಚು ಮೂಳೆಯಲ್ಲೇ ಇರುತ್ತದೆ. ಗಟ್ಟಿ ಮೂಳೆಯಲ್ಲಿ ಸೇರಿದ ಸೀಸ ಅರ್ಧವಾಗಲು ಇಪ್ಪತ್ತು ಮೂವತ್ತು ವರ್ಷ ಬೇಕು.

ಬ್ಯಾಂಕಿನ ಠೇವಣಿಯಂತೆ ಅದು ಸುಮ್ಮನೆ ಇರುತ್ತದೆ. ಮೂಳೆ ಕರಗುವ ಕಾಲ ಬಂದಾಗ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಗರ್ಭಿಣಿಯ ಮೂಳೆಯಿಂದ ಮಗುವಿಗೆಂದು ಕ್ಯಾಲ್ಸಿಯಂ ಹೊರಡುವಾಗ ಸೀಸವೂ ಜೊತೆಗೆ ಹೊರಡುತ್ತದೆ, ಮಾಸನ್ನು ದಾಟಿ ಭ್ರೂಣವನ್ನು ಸೇರುತ್ತದೆ. ತಾಯಿ ತನ್ನ ಬಾಲ್ಯದಲ್ಲಿ ನುಂಗಿದ ಸೀಸ ಹೀಗೆ ಮುಂದಿನ ತಲೆಮಾರಿಗೆ ದಾಟಬಹುದು. ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಶಿಶು ಇವುಗಳ ಸಂಭವವೂ ಹೆಚ್ಚುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವಾಗ, ಮುಪ್ಪಿನಲ್ಲಿ ಮೂಳೆ ಮುರಿದು ಹಾಸಿಗೆ ಹಿಡಿದಾಗ ಹಳೆಯ ಠೇವಣಿ ಮತ್ತೆ ಹೊರಬರುತ್ತದೆ.

ಹಲವು ವರ್ಷ ಹೀಗೆ ನಡೆದಾಗ ರಕ್ತನಾಳ ಪೆಡಸಾಗುತ್ತದೆ, ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡ ಸೊರಗುತ್ತದೆ. 2021ರೊಂದರಲ್ಲೇ ಪ್ರಪಂಚದಲ್ಲಿ 15 ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಸೀಸ ಕಾರಣವೆಂದು ಅಂದಾಜು. ಅವುಗಳಲ್ಲಿ ಹೆಚ್ಚಿನವು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆದವು. ಅಂಥವರ ಮರಣಪತ್ರದಲ್ಲಿ ಹೃದಯಾಘಾತ ಎಂದಿರುತ್ತದೆ. ಸೀಸದ ಹೆಸರು ಇರುವುದಿಲ್ಲ.

"ಗುಣವಾಯಿತು" ಎಂದ ಮಕ್ಕಳು

ಸೀಸದ ವಿಷದಿಂದ ಬದುಕುಳಿದ ಮಗು ಮೊದಲಿನಂತಾಗುತ್ತದೆ ಎಂದು ವೈದ್ಯರು ಬಹುಕಾಲ ನಂಬಿದ್ದರು. 1943ರಲ್ಲಿ ಬೋಸ್ಟನ್ ನಗರದ ರ್‍ಯಾಂಡಾಲ್ಫ್ ಬೈಯರ್ಸ್ ಮತ್ತು ಎಲಿಜಬೆತ್ ಲಾರ್ಡ್ ಆ ನಂಬಿಕೆ ಸುಳ್ಳೆಂದು ತೋರಿಸಿದರು. ಸೀಸದ ವಿಷದಿಂದ ಗುಣಮುಖರಾಗಿ ಮನೆಗೆ ಹೋಗಿದ್ದ 20 ಮಕ್ಕಳನ್ನು ಅವರು ಮತ್ತೆ ಪರೀಕ್ಷಿಸಿದರು. 19 ಮಕ್ಕಳು ಶಾಲೆಯಲ್ಲಿ ಹಿಂದೆ ಬಿದ್ದಿದ್ದರು.

1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೋಸ್ಟನ್ ಬಳಿಯ ಶಾಲಾ ಮಕ್ಕಳಿಂದ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅವುಗಳಲ್ಲಿನ ಸೀಸ ಅಳೆದರು. ಆ ಮಕ್ಕಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಆದರೂ ಹಲ್ಲಿನಲ್ಲಿ ಹೆಚ್ಚು ಸೀಸವಿದ್ದವರು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದರು. ಅವರಿಗೆ ಗಮನವಿಟ್ಟು ಕೂರಲು ಆಗುವುದಿಲ್ಲ ಎಂದು ಶಿಕ್ಷಕರೂ ಹೇಳಿದರು. ಹನ್ನೊಂದು ವರ್ಷಗಳ ನಂತರ ನೋಡಿದಾಗ ಓದು ಅರ್ಧಕ್ಕೆ ಬಿಟ್ಟವರು ಆ ಗುಂಪಿನಲ್ಲೇ ಹೆಚ್ಚಿದ್ದರು.

ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸುತ್ತ ಬಂದಿದ್ದಾರೆ. 11ನೇ ವಯಸ್ಸಿನಲ್ಲಿ ರಕ್ತದ ಸೀಸ 10ಕ್ಕಿಂತ ಹೆಚ್ಚಿದ್ದವರ ಬುದ್ಧಿಸೂಚ್ಯಂಕ, 38ನೇ ವಯಸ್ಸಿನಲ್ಲಿ ಉಳಿದವರಿಗಿಂತ ಸರಾಸರಿ ನಾಲ್ಕು ಅಂಕ ಕಡಿಮೆಯಿತ್ತು. 2017ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಅವರು ತಲುಪಿದ ಉದ್ಯೋಗದ ಮಟ್ಟವೂ ಸ್ವಲ್ಪ ಕೆಳಗಿತ್ತು. ಬಾಲ್ಯದಲ್ಲಿ ಕಳೆದುಕೊಂಡದ್ದು ನಡುವಯಸ್ಸಿನವರೆಗೂ ತುಂಬಿಬಂದಿರಲಿಲ್ಲ.

ಇಂಥ ತಿಳಿವಳಿಕೆ ಹೆಚ್ಚಿದಂತೆ ಎಚ್ಚರಿಕೆಯ ಗೆರೆಯೂ ಕೆಳಗಿಳಿಯುತ್ತ ಬಂದಿದೆ. ಅಮೆರಿಕದಲ್ಲಿ 1960ರ ದಶಕದಲ್ಲಿ 60 ಇದ್ದ ಗೆರೆ 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5 ಮೈಕ್ರೋಗ್ರಾಂಗೆ ಇಳಿಯಿತು. ರಕ್ತದಲ್ಲಿ 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲ ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ.

ಮದ್ದು ಇದೆ, ಆದರೆ...

ಸೀಸಕ್ಕೆ ಮದ್ದಿಲ್ಲವೇ? ಇದೆ. ಅದನ್ನು ಕೀಲೇಷನ್ ಚಿಕಿತ್ಸೆ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕುಳಕ್ಕಿರುವ ಹೆಸರಿನಿಂದ ಈ ಪದ ಬಂದಿದೆ. ಔಷಧದ ಕಣ ಲೋಹದ ಕಣವನ್ನು ಏಡಿಯಂತೆ ಎರಡು ಕಡೆಯಿಂದ ಹಿಡಿದು ಮೂತ್ರದಲ್ಲಿ ಹೊರಗೆ ಸಾಗಿಸುತ್ತದೆ.

ಮೊದಲ ಔಷಧ ಹುಟ್ಟಿದ್ದು ಯುದ್ಧದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೂಯಿಸೈಟ್ ಎಂಬ ಆರ್ಸೆನಿಕ್ ವಿಷಾನಿಲಕ್ಕೆ ಪ್ರತಿವಿಷವಾಗಿ ಆಕ್ಸ್‌ಫರ್ಡ್‌ನ ವಿಜ್ಞಾನಿಗಳು ಡೈಮರ್ಕಪ್ರಾಲ್ ತಯಾರಿಸಿದರು. ಆಮೇಲೆ ಕ್ಯಾಲ್ಸಿಯಂ ಇಡಿಟಿಎ ಚುಚ್ಚುಮದ್ದು, ನುಂಗುವ ಪೆನಿಸಿಲಮೈನ್ ಮತ್ತು ಸಕ್ಸಿಮರ್ ಬಂದವು. ಮಿದುಳು ಊದಿ ಫಿಟ್ಸ್ ಬಂದ ಮಗುವನ್ನು ಬದುಕಿಸಲು ಇವು ಬೇಕೇ ಬೇಕು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ರಕ್ತದ ಸೀಸ 45 ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ಔಷಧ ಕೊಡಲಾಗುತ್ತದೆ.

ಹಾಗಾದರೆ 20, 30 ಇದ್ದವರಿಗೂ ಕೊಟ್ಟು ಮಿದುಳನ್ನು ಉಳಿಸಬಾರದೇಕೆ? ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿದರು. ರಕ್ತದಲ್ಲಿ 20ರಿಂದ 44ರವರೆಗೆ ಸೀಸವಿದ್ದ 780 ಪುಟ್ಟ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಕ್ಸಿಮರ್, ಇನ್ನೊಂದಕ್ಕೆ ಔಷಧಾಂಶವಿಲ್ಲದ ಹುಸಿಮಾತ್ರೆ ಕೊಟ್ಟರು. 2001ರಲ್ಲಿ ಫಲಿತಾಂಶ ಬಂತು. ಔಷಧ ತೆಗೆದುಕೊಂಡವರ ರಕ್ತದಲ್ಲಿ ಸೀಸ ಇಳಿದಿತ್ತು. ಬುದ್ಧಿ, ನಡವಳಿಕೆಗಳ ಪರೀಕ್ಷೆಯಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಏಳನೇ ವಯಸ್ಸಿನಲ್ಲಿ ನೋಡಿದಾಗಲೂ ಅದೇ ಫಲಿತಾಂಶ.

ಔಷಧ ಕಳ್ಳನನ್ನು ಮನೆಯಿಂದ ಹೊರಗೆ ಹಾಕಬಲ್ಲದು. ಅವನು ಕದ್ದೊಯ್ದದ್ದನ್ನು ತಂದುಕೊಡಲಾರದು. ಬಾಗಿಲು ತೆರೆದೇ ಇದ್ದರೆ ಕಳ್ಳ ಮತ್ತೆ ಬರುತ್ತಾನೆ.

ನನ್ನ ಆ ಪುಟ್ಟ ರೋಗಿಯಲ್ಲಿ ಆದದ್ದೂ ಹೀಗೆಯೇ. ಆಸ್ಪತ್ರೆಯಲ್ಲಿಟ್ಟು ಔಷಧ ಕೊಟ್ಟಾಗ 58 ಇದ್ದದ್ದು 24ಕ್ಕೆ ಇಳಿಯಿತು. ಹೊಟ್ಟೆನೋವು ನಿಂತಿತು. ತಾಯಿ ಕೈಮುಗಿದು ಹೋದರು. ಎರಡು ತಿಂಗಳ ನಂತರ ಪರೀಕ್ಷಿಸಿದರೆ 43. ಮೂಳೆಯಲ್ಲಿದ್ದದ್ದು ಸ್ವಲ್ಪ ಮತ್ತೆ ರಕ್ತಕ್ಕೆ ಇಳಿಯುವುದು ಸಹಜ. ಆದರೆ ಇಷ್ಟು ಏರಬಾರದು. ಶೆಡ್ಡಿಗೆ ಹೋಗದಂತೆ ಹುಡುಗನನ್ನು ತಡೆದಿದ್ದರು, ನಿಜ. ಆದರೆ ತಂದೆ ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗನನ್ನು ಎತ್ತಿಕೊಳ್ಳುತ್ತಿದ್ದರು, ಅದೇ ಚಾಪೆಯ ಮೇಲೆ ಕೂರುತ್ತಿದ್ದರು. ಮನೆಯವರ ಬಟ್ಟೆಯೆಲ್ಲ ಒಂದೇ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಅಂಗಳದ ಮಣ್ಣು ಮೊದಲಿನಂತೆಯೇ ಇತ್ತು. ನಾನು ಮಗುವಿಗೆ ಚಿಕಿತ್ಸೆ ಕೊಟ್ಟು, ಮನೆಯನ್ನು ಮರೆತಿದ್ದೆ.

ನೈಜೀರಿಯಾದ ಜಂಫಾರಾ ಪ್ರಾಂತದಲ್ಲಿ 2010ರಲ್ಲಿ ಇದೇ ಪಾಠ ದೊಡ್ಡ ಪ್ರಮಾಣದಲ್ಲಿ ಕಂಡುಬಂತು. ಅಲ್ಲಿ ಬಡ ಕುಟುಂಬಗಳು ಚಿನ್ನಕ್ಕಾಗಿ ಅದಿರನ್ನು ಮನೆಯಂಗಳದಲ್ಲೇ ಕುಟ್ಟಿ ಪುಡಿಮಾಡುತ್ತಿದ್ದವು. ಆ ಅದಿರಿನಲ್ಲಿ ಸೀಸವೂ ಹೇರಳವಾಗಿತ್ತು. 400ಕ್ಕೂ ಹೆಚ್ಚು ಮಕ್ಕಳು ಸತ್ತರು. ಗಡಿಗಳಿಲ್ಲದ ವೈದ್ಯರು ಎಂಬ ಸಂಸ್ಥೆ ಔಷಧದೊಡನೆ ಧಾವಿಸಿತು. ಅಂಗಳದ ವಿಷದ ಮಣ್ಣನ್ನು ಅಗೆದು ತೆಗೆದು ಹೊಸ ಮಣ್ಣು ಹಾಸುವ ಕೆಲಸವೂ ಚಿಕಿತ್ಸೆಯ ಭಾಗವೇ ಆಯಿತು. ಅದಿಲ್ಲದೆ ಮಗುವನ್ನು ಮನೆಗೆ ಕಳಿಸಿದರೆ ಔಷಧ ವ್ಯರ್ಥ.

ಬೇರೆ ಲೋಹಗಳ ಕಥೆಯೂ ಇದೇ

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್‌ನಿಂದ ಜನರ ಅಂಗೈ, ಅಂಗಾಲುಗಳು ಒರಟಾಗಿ ಗಂಟುಕಟ್ಟಿದ್ದವು. ಚಿನ್ನದ ಅದಿರಿರುವ ಬಂಡೆಗಳಿಂದ ಆ ವಿಷ ನೀರಿಗೆ ಸೇರಿತ್ತು. ಆರ್ಸೆನಿಕ್ ಸೀಸದಂತೆ ಮೂಳೆಯಲ್ಲಿ ದಶಕಗಟ್ಟಲೆ ಕೂರುವುದಿಲ್ಲ, ಹೆಚ್ಚಿನದು ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೋಗುತ್ತದೆ. ಆದರೆ ವರ್ಷಗಟ್ಟಲೆ ಅದೇ ನೀರು ಕುಡಿದವರಿಗೆ ಚರ್ಮ, ಮೂತ್ರಕೋಶ, ಶ್ವಾಸಕೋಶಗಳ ಕ್ಯಾನ್ಸರ್ ಬಹಳ ಕಾಲದ ನಂತರವೂ ಬರಬಹುದು. ಅಲ್ಲಿ ಮೊದಲ ಮದ್ದು ಶುದ್ಧ ನೀರು. ಜಪಾನಿನ ಮಿನಾಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ಪಾದರಸದ ದುರಂತದಲ್ಲೂ, ತಾಯಿಯ ಗರ್ಭದಲ್ಲೇ ನರಗಳಿಗಾದ ಹಾನಿಯನ್ನು ಯಾವ ಔಷಧವೂ ಸರಿಪಡಿಸಲಿಲ್ಲ.

ಮನೆಯಲ್ಲಿ ಎಲ್ಲಿ ಹುಡುಕಬೇಕು?

ಹಳೆಯ ಬಣ್ಣ: ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದಿದೆ. ಅದಕ್ಕೆ ಮುಂಚೆ ಬಳಿದ ಎಣ್ಣೆಬಣ್ಣ ಕಿಟಕಿ, ಬಾಗಿಲು, ತೊಟ್ಟಿಲಿನ ಮೇಲೆ ಇನ್ನೂ ಇರಬಹುದು. ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ಸುಡಬೇಡಿ. ಒದ್ದೆ ಮಾಡಿ ಕೆರೆಸಿ. ಆ ಹೊತ್ತಿನಲ್ಲಿ ಗರ್ಭಿಣಿ, ಮಕ್ಕಳು ಮನೆಯಲ್ಲಿರಬಾರದು.

ಕೆಲಸದ ಬಟ್ಟೆ: ಬ್ಯಾಟರಿ, ಬೆಸುಗೆ, ಬಣ್ಣ, ಲೋಹದ ಗುಜರಿ ಕೆಲಸದವರು ಅಲ್ಲಿಯೇ ಬಟ್ಟೆ ಬದಲಿಸಿ, ಸ್ನಾನ ಮಾಡಿ ಮನೆಗೆ ಬರಬೇಕು. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕೈತೊಳೆಯದೆ ಬೀಡಿ, ತಿಂಡಿ ಮುಟ್ಟಬಾರದು.

ಅರಿಶಿನ, ಕುಂಕುಮ, ಸುರ್ಮ: ಅರಿಶಿನಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುವುದುಂಟು. ಬಾಂಗ್ಲಾದೇಶದಲ್ಲಿ 2019ರಲ್ಲಿ ಇದನ್ನು ಪತ್ತೆಮಾಡಿ, ತಪ್ಪಿತಸ್ಥರಿಗೆ ದಂಡ ಹಾಕಿ, ಜನರಿಗೆ ತಿಳಿಹೇಳಿದ ಮೇಲೆ ಎರಡೇ ವರ್ಷದಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಈ ಕಲಬೆರಕೆ ಕಾಣದಂತಾಯಿತು. ಮನಸ್ಸು ಮಾಡಿದರೆ ಸಾಧ್ಯ ಎನ್ನಲು ಇದೇ ಸಾಕ್ಷಿ. ಕಣ್ಣು ಕೋರೈಸುವ ಹಳದಿಗೆ ಮರುಳಾಗಬೇಡಿ. ಸಿಂಧೂರದಲ್ಲಿ ಕೆಂಪು ಸೀಸ, ಕಲ್ಲಿನಿಂದ ಅರೆದ ಸುರ್ಮದಲ್ಲಿ ಸೀಸದ ಅದಿರು ಇರಬಹುದು. ಮಗುವಿನ ಕಣ್ಣಿಗೆ ಹಚ್ಚದಿರುವುದೇ ಲೇಸು.

ಪಾತ್ರೆ: ಹಿತ್ತಾಳೆ ಪಾತ್ರೆಗೆ ಶುದ್ಧ ತವರದಿಂದ ಕಲಾಯಿ ಹಾಕಿಸಿ. ತವರದಲ್ಲಿ ಸೀಸ ಬೆರೆತಿದ್ದರೆ ಹುಣಸೆಹುಳಿಯ ಸಾರು, ಮಜ್ಜಿಗೆಹುಳಿಗಳು ಅದನ್ನು ಕರಗಿಸಿಕೊಳ್ಳುತ್ತವೆ.

ಔಷಧ: 2004ರಲ್ಲಿ ಬೋಸ್ಟನ್ ಅಂಗಡಿಗಳಲ್ಲಿ ಮಾರುತ್ತಿದ್ದ ದಕ್ಷಿಣ ಏಷ್ಯಾದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಗಿಡಮೂಲಿಕೆಯ ಔಷಧ ಬೇರೆ, ಲೋಹದ ಭಸ್ಮ ಸೇರಿದ ರಸೌಷಧಿ ಬೇರೆ. ತಯಾರಕರ ಹೆಸರು, ಪರವಾನಗಿ ಇಲ್ಲದ ಪುಡಿ, ಮಾತ್ರೆಗಳನ್ನು ಮಗುವಿಗೂ ಗರ್ಭಿಣಿಗೂ ಕೊಡಬೇಡಿ.

ನೆಲ, ಕೈ, ತಟ್ಟೆ: ಒಣ ಪೊರಕೆಗಿಂತ ಒದ್ದೆ ಬಟ್ಟೆಯಿಂದ ಒರೆಸಿ. ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸಿ. ರಾಗಿ, ಹಾಲು, ಮೊಸರು, ಸೊಪ್ಪು, ಬೇಳೆ, ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ ಇರಲಿ. ಇವು ಸೀಸವನ್ನು ಹೊರಗೆ ಹಾಕಲಾರವು. ಆದರೆ ಹೀರಿಕೆಯನ್ನು ತಗ್ಗಿಸಲು ನೆರವಾಗುತ್ತವೆ.

ಮನೆಯವರು ಕೇಳುವ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳು ಸೀಸದ ಕಡ್ಡಿ ಕಚ್ಚುತ್ತಾಳೆ. ಅಪಾಯವೇ?
ಉತ್ತರ: ಹೆಸರಷ್ಟೇ ಸೀಸದ ಕಡ್ಡಿ. ಪೆನ್ಸಿಲ್ಲಿನ ಒಳಗಿರುವುದು ಗ್ರಾಫೈಟ್, ಅಂದರೆ ಇಂಗಾಲ. ಹೆದರಬೇಕಿಲ್ಲ. ಮೇಲಿನ ಬಣ್ಣ ಕಚ್ಚುವ ಅಭ್ಯಾಸ ಮಾತ್ರ ಬಿಡಿಸಿ.

ಪ್ರಶ್ನೆ: ಮಗು ಮಣ್ಣು, ಸುಣ್ಣದ ಹೆಕ್ಕಳಿಕೆ ತಿನ್ನುತ್ತದೆ.
ಉತ್ತರ: ಬೈದು ಬಿಡಬೇಡಿ. ರಕ್ತಹೀನತೆ ಇರಬಹುದು. ವೈದ್ಯರಲ್ಲಿ ತೋರಿಸಿ, ರಕ್ತದ ಸೀಸವನ್ನೂ ಪರೀಕ್ಷಿಸಬೇಕೇ ಎಂದು ಕೇಳಿ.

ಪ್ರಶ್ನೆ: ಯಾವ ಪರೀಕ್ಷೆ ಮಾಡಿಸಬೇಕು?
ಉತ್ತರ: ಅಭಿಧಮನಿಯಿಂದ ತೆಗೆದ ರಕ್ತದ ಪರೀಕ್ಷೆಯೇ ಸರಿಯಾದದ್ದು. ಬೆರಳ ತುದಿಯ ರಕ್ತದಲ್ಲಿ ಹೆಚ್ಚು ಕಂಡರೆ ಹೀಗೆ ಖಚಿತಪಡಿಸಿಕೊಳ್ಳಬೇಕು. ಚರ್ಮದ ಮೇಲಿನ ಧೂಳೂ ಅಳತೆ ಏರಿಸಬಹುದು. ಕೂದಲಿನ ಪರೀಕ್ಷೆ ನಂಬಿ ಔಷಧ ನುಂಗಬೇಡಿ.

ಪ್ರಶ್ನೆ: ದೇಹದ ವಿಷ ತೆಗೆಯುತ್ತೇವೆ, ಬುದ್ಧಿ ಚುರುಕು ಮಾಡುತ್ತೇವೆ ಎಂಬ ಜಾಹೀರಾತು ನೋಡಿದೆವು.
ಉತ್ತರ: ದೂರವಿರಿ. ಕೀಲೇಷನ್ ಔಷಧಗಳು ದೇಹಕ್ಕೆ ಬೇಕಾದ ಲೋಹಗಳನ್ನೂ ಸೆಳೆಯುತ್ತವೆ. ಆಟಿಸಂ ಇದ್ದ ಐದು ವರ್ಷದ ಬಾಲಕನೊಬ್ಬ 2005ರಲ್ಲಿ ಅಮೆರಿಕದಲ್ಲಿ ಹೀಗೆ ಸತ್ತ. ಕ್ಯಾಲ್ಸಿಯಂ ಇಡಿಟಿಎ ಅಲ್ಲದೆ ಅದರ ಸೋಡಿಯಂ ರೂಪವನ್ನು ರಕ್ತನಾಳಕ್ಕೆ ಕೊಟ್ಟಿದ್ದರಿಂದ ಅವನ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತಿತು. ಈ ಚಿಕಿತ್ಸೆ ರಕ್ತ ಪರೀಕ್ಷೆಯ ಆಧಾರದ ಮೇಲೆ, ಅನುಭವವಿರುವ ವೈದ್ಯರ ಕೈಯಲ್ಲೇ ಆಗಬೇಕು.

ಪ್ರಶ್ನೆ: ಹಾನಿ ಆಗಿಹೋಗಿದ್ದರೆ ಇನ್ನೇನು ಮಾಡುವುದು?
ಉತ್ತರ: ಮಾಡುವುದು ಬಹಳಷ್ಟಿದೆ. ಮೂಲ ತಡೆದರೆ ಮುಂದಿನ ಹಾನಿ ನಿಲ್ಲುತ್ತದೆ. ರಕ್ತಹೀನತೆ, ಹೊಟ್ಟೆಶೂಲೆ ಗುಣವಾಗುತ್ತವೆ. ಓದಿನಲ್ಲಿ ಹಿಂದಿರುವ ಮಗುವಿಗೆ ಬೈಗುಳದ ಬದಲು ತಾಳ್ಮೆಯ ಪಾಠ ಬೇಕು. ದೊಡ್ಡವರು ರಕ್ತದೊತ್ತಡ, ಮೂತ್ರಪಿಂಡಗಳ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಿಕೊಳ್ಳಬೇಕು.

ಅಣ್ಣ ಮತ್ತು ತಂಗಿ

ಆ ಮನೆಗೆ ಕೊನೆಗೊಂದು ದಿನ ನಾನೇ ಹೋದೆ. ತಂದೆಯನ್ನೂ ಪರೀಕ್ಷಿಸಿದಾಗ ರಕ್ತದಲ್ಲಿ 71 ಮೈಕ್ರೋಗ್ರಾಂ ಸೀಸವಿತ್ತು. ಮೂವತ್ತನಾಲ್ಕನೇ ವಯಸ್ಸಿಗೇ ಅವರ ರಕ್ತದೊತ್ತಡ ಏರಿತ್ತು. ಕೀಲುನೋವನ್ನು ದುಡಿಮೆಯ ದಣಿವೆಂದೇ ತಿಳಿದಿದ್ದರು. "ಮಗನಿಗೆ ವಿಷ ಹಾಕಿದ್ದು ನಾನೇ ಆದೆನಲ್ಲ" ಎಂದು ತಲೆ ತಗ್ಗಿಸಿದ ಅವರಿಗೆ ನಾನು ಹೇಳಿದ್ದಿಷ್ಟೆ: "ಇದು ನಿಮಗೆ ಯಾರೂ ಹೇಳಿರಲಿಲ್ಲ. ಈಗ ಗೊತ್ತಾಯಿತಲ್ಲ."

ಸೀಸ ಕರಗಿಸುವ ಕೆಲಸವನ್ನು ಅವರು ಬಿಟ್ಟರು. ಹಳೆಯ ಬ್ಯಾಟರಿಗಳನ್ನು ಒಡೆಯದೆ ಪರವಾನಗಿ ಪಡೆದ ಘಟಕಕ್ಕೆ ಸಾಗಿಸಿ, ಹೊಸದನ್ನು ಮಾರುವ ಅಂಗಡಿಯೊಂದನ್ನು ಊರ ಪೇಟೆಯಲ್ಲಿ ತೆರೆದರು. ಸಂಪಾದನೆ ಎರಡು ವರ್ಷ ಕಡಿಮೆಯೇ ಇತ್ತು. ಅಂಗಳದ ಮೇಲ್ಮಣ್ಣು ತೆಗೆಸಿ ಸಿಮೆಂಟು ಹಾಕಿಸಿದರು. ಮಗನ ರಕ್ತದ ಸೀಸ ಒಂದು ವರ್ಷದಲ್ಲಿ 19ಕ್ಕೆ, ಮೂರು ವರ್ಷದಲ್ಲಿ 9ಕ್ಕೆ ಇಳಿಯಿತು.

ಈಗ ಅವನಿಗೆ ಇಪ್ಪತ್ತು ವರ್ಷ. ಎಸ್ಸೆಸ್ಸೆಲ್ಸಿ ಎರಡನೇ ಪ್ರಯತ್ನದಲ್ಲಿ ಪಾಸಾಗಿ, ಐಟಿಐ ಮುಗಿಸಿ ತಂದೆಯ ಅಂಗಡಿಯಲ್ಲೇ ಇದ್ದಾನೆ. ಒಳ್ಳೆಯ ಹುಡುಗ. ಲೆಕ್ಕವನ್ನು ಎರಡೆರಡು ಸಲ ಕೂಡಿಸುತ್ತಾನೆ, ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಅವನ ನಿಧಾನಕ್ಕೆ ಸೀಸವೊಂದೇ ಕಾರಣವೆಂದು ಯಾವ ಪರೀಕ್ಷೆಯೂ ಹೇಳಲಾರದು. ಅಲ್ಲವೆಂದೂ ಹೇಳಲಾರದು.

ಶೆಡ್ ಮುಚ್ಚಿದ ಮೂರು ವರ್ಷಕ್ಕೆ ಅವನಿಗೊಬ್ಬಳು ತಂಗಿ ಹುಟ್ಟಿದಳು. ತಾಯಿಯ ಮೂಳೆಯಲ್ಲೂ ಹಳೆಯ ಸೀಸವಿರಬಹುದೆಂದು ಗರ್ಭಿಣಿಯಾದಾಗಲೇ ರಕ್ತ ಪರೀಕ್ಷಿಸಿ, ಕ್ಯಾಲ್ಸಿಯಂ ಕೊಟ್ಟು ನೋಡಿಕೊಂಡಿದ್ದೆವು. ಮಗುವಿಗೆ ಎರಡು ವರ್ಷವಾದಾಗ ಪರೀಕ್ಷಿಸಿದೆ, 3 ಮೈಕ್ರೋಗ್ರಾಂ ಇತ್ತು. ಈಗ ಐದನೇ ತರಗತಿ. ಹೋದ ತಿಂಗಳು ನೆಗಡಿಗೆಂದು ಬಂದಾಗ ನನ್ನ ಮೇಜಿನ ಮೇಲಿದ್ದ ಔಷಧಿ ಚೀಟಿಯನ್ನು ತಲೆಕೆಳಗಿನಿಂದಲೇ ಓದಿ ಹೇಳಿದಳು.

ಅವಳಿಗೆ ಈ ಕಾಯಿಲೆಗೆಂದು ನಾನು ಒಂದು ಮಾತ್ರೆಯನ್ನೂ ಕೊಟ್ಟಿಲ್ಲ. ಅವಳು ಹುಟ್ಟುವ ಮೊದಲೇ ಅವಳಪ್ಪ ಶೆಡ್ಡಿಗೆ ಬೀಗ ಹಾಕಿದ್ದರು.